ಸೂರ್ಯನ ಮುಂದೆ ಹಾಯುವ ಐಎಸ್‌ಎಸ್: ಕಾಗದವೋ, ಬರ್ಸ್ಟ್ ಫೋಟೋವೋ, ವಿಡಿಯೋವೋ?

ಐಎಸ್‌ಎಸ್, ಅಂದರೆ ಭೂಮಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಸೂರ್ಯನ ಮುಂದೆ ಹಾಯುವುದನ್ನು ಹಿಡಿಯೋಕೆ ಈ ಮೂರು ದಾರಿಗಳಲ್ಲಿ ನನ್ನ ಓಟು ವಿಡಿಯೋಗೆ. ತುಮಕೂರಿನ ನಮ್ಮ ತಾರಸಿ ಮೇಲೂ ದೇವರಾಯನದುರ್ಗದ ರಸ್ತೆ ಬದಿಯಲ್ಲೂ ಮೂರನ್ನೂ ಮಾಡಿ ನೋಡಿದ ಮೇಲೆ ಹೇಳುತ್ತಿರುವ ಮಾತು.

ಟೆಲಿಸ್ಕೋಪಿನ ಹಿಂದೆ ಬಿಳಿ ಕಾಗದ ಹಿಡಿದು ಬಿಂಬ ಬೀಳಿಸುವುದು ಖರ್ಚಿಲ್ಲದ ದಾರಿ. ಅಕ್ಕಪಕ್ಕದ ಮಕ್ಕಳೆಲ್ಲ ಒಟ್ಟಿಗೆ ನೋಡಬಹುದು, ಸೂರ್ಯನ ಕಲೆಗಳೂ ಚೆನ್ನಾಗಿ ಕಾಣುತ್ತವೆ. ಆದರೆ ಬಿಂಬ 10 ಸೆಂ.ಮೀ. ಅಗಲ ಇದ್ದರೆ ನಿಲ್ದಾಣ ಹೆಚ್ಚೆಂದರೆ 3 ಮಿ.ಮೀ., ರಾಗಿ ಕಾಳಿಗಿಂತ ಚೂರು ದೊಡ್ಡದು ಅಷ್ಟೇ. ಅದೂ ನೆತ್ತಿಯ ಹತ್ತಿರ ಹಾದರೆ ಅರ್ಧ ಸೆಕೆಂಡಿನಲ್ಲಿ ಮಾಯ. ಪ್ಲಾಸ್ಟಿಕ್ ಐಪೀಸ್ (ಕಣ್ಣಿನ ಕಡೆಯ ಲೆನ್ಸ್) ಹಾಕಬೇಡಿ, ಕರಗುತ್ತದೆ.

ಉಳಿದ ಎರಡಕ್ಕೂ ಸೋಲಾರ್ ಫಿಲ್ಮ್ ಬೇಕು. ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಬಿಡುವಂಥದ್ದು, ಟೆಲಿಸ್ಕೋಪಿನ ಬಾಯಿಗೇ ಕಟ್ಟಬೇಕು, ಕಣ್ಣಿನ ಕಡೆಗಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಶಟರ್ 1/2000 ಸೆಕೆಂಡ್ ಇಟ್ಟು ಬರ್ಸ್ಟ್ (ಒಂದರ ಹಿಂದೊಂದು ಫೋಟೋ) ಒತ್ತಿದರೆ ಫೋಟೋ ಚುರುಕಾಗಿ ಬರುತ್ತದೆ, ಸೋಲಾರ್ ಪ್ಯಾನೆಲ್‌ಗಳೂ ಬೇರೆ ಬೇರೆಯಾಗಿ ತಿಳಿಯುತ್ತವೆ. ಸೆಕೆಂಡಿಗೆ 7 ಫೋಟೋ ಅಂದರೆ ಕೈಗೆ ಸಿಗುವುದು ಮೂರೋ ನಾಲ್ಕೋ. ಬೇಗ ಒತ್ತಿದರೆ ಬಫರ್ (ತಾತ್ಕಾಲಿಕ ಮೆಮೊರಿ) ತುಂಬಿ ಸರಿಯಾದ ಹೊತ್ತಿಗೇ ಕ್ಯಾಮೆರಾ ನಿಲ್ಲುತ್ತದೆ, ತಡವಾದರೆ ಬರೀ ಸೂರ್ಯ.

ವಿಡಿಯೋದಲ್ಲಿ ಈ ತಲೆನೋವೇ ಇಲ್ಲ. ಅರ್ಧ ನಿಮಿಷ ಮೊದಲೇ ಚಾಲೂ ಮಾಡಿ ಸುಮ್ನೆ ಕೂರಬಹುದು. ಸೆಕೆಂಡಿಗೆ 60 ಫ್ರೇಮ್‌ನಲ್ಲಿ ತೆಗೆದರೆ ಸುಮಾರು 30 ಚಿತ್ರ ಸಿಗುತ್ತವೆ, ಗಾಳಿ ಅಲುಗಾಡಿದರೂ ಅದರಲ್ಲಿ ಒಂದೆರಡು ನೆಟ್ಟಗಿರುತ್ತವೆ ಅಲ್ವಾ? ವಿವರ ಸ್ವಲ್ಪ ಕಡಿಮೆ, ಒಪ್ಪುತ್ತೇನೆ.

ಯಾವುದರಲ್ಲಿ ತೆಗೆದರೂ ಹೊತ್ತು ಮುಖ್ಯ. ಬೆಳಗ್ಗೆ ಗಾಳಿ ತಣ್ಣಗೆ, ಆದರೆ ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ ನಿಲ್ದಾಣ ಸುಮಾರು 800 ಕಿ.ಮೀ. ದೂರ, ನೆತ್ತಿ ಮೇಲಾದರೆ 420 ಕಿ.ಮೀ., ಹಾಗಾಗಿ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಮಧ್ಯಾಹ್ನ ನಮ್ಮ ಕಡೆ ಬಂಡೆಗಳು ಕಾದು ಬಿಂಬವೆಲ್ಲ ಕುದಿಯುತ್ತದೆ, ಅದಕ್ಕೆ ನಾನು ಆರಿಸುವುದು ಒಂಬತ್ತೂವರೆಯಿಂದ ಹತ್ತೂವರೆ.

ನಿಲ್ದಾಣ ಸೂರ್ಯನ ಮುಂದೆ ಹಾಯುವುದು ಕಾಣುವ ನೆಲದ ಪಟ್ಟಿಯ ಅಗಲ ಕೆಲವೇ ಕಿ.ಮೀ. ಕ್ಯಾತಸಂದ್ರದಲ್ಲಿ ನಟ್ಟನಡುವೆ ಹಾದದ್ದು ಗುಬ್ಬಿಯಲ್ಲಿ ಕಾಣದೇ ಇರಬಹುದು. ಎಲ್ಲಿ, ಯಾವಾಗ ಹಾಯುತ್ತದೆ ಎಂದು ಹೇಳುವ ಟ್ರಾನ್ಸಿಟ್ ಫೈಂಡರ್ ವೆಬ್‌ಸೈಟಿನಲ್ಲಿ ಹಿಂದಿನ ದಿನ ಮತ್ತೊಮ್ಮೆ ನೋಡಿ. ನಿಲ್ದಾಣದ ಕಕ್ಷೆಯನ್ನು ಆಗಾಗ ಎಂಜಿನ್ ಉರಿಸಿ ಎತ್ತರಿಸುತ್ತಾರೆ, ಆಗ ಪಟ್ಟಿಯೇ ಜರುಗುತ್ತದೆ.

ಚೀನಾದ ಬಾಹ್ಯಾಕಾಶ ನಿಲ್ದಾಣ ತಿಯಾನ್‌ಗಾಂಗ್ ಇನ್ನೂ ಚಿಕ್ಕದು, ಅದನ್ನು ಕಾಗದದ ಮೇಲೆ ಹುಡುಕೋಕೇ ಹೋಗಬೇಡಿ.