ಹಳೇ ವಿಡಿಯೋ ಗೇಮ್ ಪೆಟ್ಟಿಗೆ ತಂದ ದಿನವೇ ಪ್ಲಗ್ ಹಾಕಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ನಾಣ್ಯ ಹಾಕಿ ಆಡುವ ಹಳೇ ವಿಡಿಯೋ ಗೇಮ್ ಮಷೀನು ತಂದು ಮನೆಯಲ್ಲೇ ರಿಪೇರಿ ಮಾಡುವ ಆಸೆ ಯಾರಿಗಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ದುಡ್ಡು ಹೋಯಿತು, ಹೋಗಲಿ. ಆದರೆ ಆ ದಿನ ನನ್ನ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವಳು ತಂಗಿಯ ಹನ್ನೊಂದು ವರ್ಷದ ಮಗಳು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಎನ್ನುತ್ತದೆ.

ಮೇ ಕೊನೆಗೆ ಗೋವಾದ ಒಬ್ಬ ಹಳೇ ಸಾಮಾನಿನ ವ್ಯಾಪಾರಿಯಿಂದ 38 ಸಾವಿರಕ್ಕೆ ತಂದೆ. ಜಪಾನಿನಲ್ಲಿ ತಯಾರಾದ ಪೆಟ್ಟಿಗೆ, 20 ಇಂಚಿನ ಪಿಕ್ಚರ್ ಟ್ಯೂಬು, ಒಳಗೆ ಸ್ಟ್ರೀಟ್ ಫೈಟರ್ 2 ಬೋರ್ಡು. 1991ರಲ್ಲಿ ಬಂದ ಆಟ. ಶಾಲೆ ಬಿಟ್ಟ ಮೇಲೆ ಒಂದೊಂದು ರೂಪಾಯಿ ನಾಣ್ಯ ಕೂಡಿಸಿಟ್ಟು ಆಡುತ್ತಿದ್ದ ಕಾಲದವನು ನಾನು, ಕಂಡ ಕೂಡಲೇ ಸೋತೆ. 'ಚಾಲೂ ಕಂಡೀಷನ್, ಪ್ಲಗ್ ಹಾಕಿದ್ರೆ ಸಾಕು' ಅಂದ. ಒಮ್ಮೆ ಚಾಲೂ ಮಾಡಿ ತೋರಿಸಿ ಎಂದರೆ ಕರೆಂಟಿಲ್ಲ ಎಂದ. ಅಲ್ಲಿಂದಲೇ ಬರಿಗೈಯಲ್ಲಿ ವಾಪಸ್ ಬರಬೇಕಿತ್ತು.

ಮಾಜಾಳಿ ದಾಟಿ ಟೆಂಪೋ ಮನೆ ಮುಟ್ಟುವಾಗ ಸಂಜೆ. ಜಗುಲಿಯ ಮೇಲಿಟ್ಟು ಪ್ಲಗ್ ಹಾಕಿದೆ. ಪರದೆಯ ಮೇಲೆ ಒಂದು ಗಳಿಗೆ ಬೆಳ್ಳನೆ ಬೆಳಕು, ಚಟಚಟ ಸದ್ದು, ಅದರ ಹಿಂದೆಯೇ ವಾರ್ನಿಷ್ ಸುಟ್ಟ ವಾಸನೆ. ಪ್ಲಗ್ ಕೀಳುವಷ್ಟರಲ್ಲಿ ಹಿಂಬದಿಯ ಜಾಲರಿಯಿಂದ ಹೊಗೆ ಬರುತ್ತಿತ್ತು. ಹಿಂದೆ ಹೋಗಿ ಜಿಡ್ಡು ಒರೆಸಿ ನೋಡಿದರೆ ಸಣ್ಣ ತಗಡಿನ ಮೇಲೆ '100 ವೋಲ್ಟ್' ಎಂದು ಬರೆದಿದೆ. ಜಪಾನಿನ ಮನೆ ಕರೆಂಟೇ 100 ವೋಲ್ಟ್, ನಮ್ಮದು 230. ನಡುವೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ವ್ಯಾಪಾರಿ ಅದನ್ನು ಕೊಡಲೂ ಇಲ್ಲ, ಹೇಳಲೂ ಇಲ್ಲ.

ಅದಕ್ಕಿಂತ ಸಿಟ್ಟು ಬಂದದ್ದು ಫ್ಯೂಸ್ ಬಿಚ್ಚಿದಾಗ. ಗಾಜಿನ ಫ್ಯೂಸು ಯಾವತ್ತೋ ಹೋಗಿದೆ, ಅದರ ಸುತ್ತ ಯಾರೋ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿಟ್ಟಿದ್ದಾರೆ. ಹತ್ತು ರೂಪಾಯಿಯ ಸರಿಯಾದ ಫ್ಯೂಸ್ ಇದ್ದಿದ್ದರೆ ಅದೊಂದು ಹೋಗಿ ಉಳಿದದ್ದು ಬದುಕುತ್ತಿತ್ತು. ಹಾಗಾಗಿ ಯಾವ ಹಳೇ ಮಷೀನು ತಂದರೂ ಮೊದಲು ಆ ತಗಡು ಓದಿ, ಫ್ಯೂಸ್ ಕಳಚಿ ಕಣ್ಣಾರೆ ನೋಡಿ.

ಇದಾದ ಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು. ಪ್ಲಗ್ ಕಿತ್ತು ಒಂದು ರಾತ್ರಿ ಕಳೆದಿದೆ, ಇನ್ನೆಲ್ಲಿಯ ಕರೆಂಟು ಎಂದು ಮಾರನೇ ಬೆಳಿಗ್ಗೆ ಟ್ಯೂಬು ಇಳಿಸಲು ಕೂತೆ. ಟ್ಯೂಬಿನ ಮೇಲ್ಭಾಗದಲ್ಲಿ ರಬ್ಬರಿನ ಕಪ್ಪು ಟೋಪಿಯಂಥದ್ದು ಇರುತ್ತದೆ, ಅದರಿಂದ ದಪ್ಪ ಕೆಂಪು ವಯರು ಹೋಗುತ್ತದೆ. ಅದರ ಅಡಿಗೆ ಬೆರಳು ಹಾಕಿದ್ದಷ್ಟೇ ಗೊತ್ತು. ಕೊಡಲಿಯ ಹಿಂಬದಿಯಿಂದ ಮೊಣಕೈಗೆ ಬಡಿದ ಹಾಗಾಯಿತು. ಕೈ ತಾನಾಗಿ ಹಿಂದಕ್ಕೆ ಚಿಮ್ಮಿತು, ಸ್ಪ್ಯಾನರು ಹೋಗಿ ಟ್ಯೂಬಿನ ಕುತ್ತಿಗೆಗೆ ಬಡಿಯಿತು. ಟಿಕ್ ಎಂಬ ಸಣ್ಣ ಸದ್ದು, ಆಮೇಲೆ ನಿರ್ವಾತದ ಟ್ಯೂಬಿನೊಳಗೆ ಸುಯ್ಯೆಂದು ಗಾಳಿ ಹೋಗುವುದು ಕೇಳಿತು. 'ಮಾವಾ!' ಎಂದು ಮಗು ಕಿರುಚಿದಳು. ಒಡೆದದ್ದು ತೆಳು ಕುತ್ತಿಗೆಯಾದ್ದರಿಂದ ಅಷ್ಟಕ್ಕೇ ಮುಗಿಯಿತು. ಅಗಲದ ಗಾಜೇ ಒಡೆದಿದ್ದರೆ ಚೂರುಗಳು ಅವಳ ಮುಖಕ್ಕೆ ಸಿಡಿಯುತ್ತಿದ್ದವು. ಸಂಜೆಯವರೆಗೂ ನನ್ನ ಕೈಯಲ್ಲಿ ಜೀವವಿರಲಿಲ್ಲ.

ಮೂವತ್ತು ವರ್ಷ ಡಬ್ಬ ಟಿವಿ ರಿಪೇರಿ ಮಾಡಿದ ಹಿರಿಯರೊಬ್ಬರು ನಮ್ಮ ಕೇರಿಯಲ್ಲೇ ಇದ್ದಾರೆ. ಅವರು ಬಂದು ನೋಡಿ ಹೇಳಿದ್ದು ಇಷ್ಟು: 'ಪ್ಲಗ್ ಕಿತ್ರೆ ಲೈನಿನ ಕರೆಂಟ್ ಹೋಗ್ತದೆ. ಟ್ಯೂಬಿನೊಳಗಿಂದು ಎಲ್ಲಿಗೆ ಹೋಗ್ಬೇಕು ಮಾರಾಯಾ?' ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ವಿದ್ಯುತ್ ಹರಿಯುವ ಕಪ್ಪು ಲೇಪ ಇರುತ್ತದೆ, ನಡುವೆ ಗಾಜು. ಅಂದರೆ ಇಡೀ ಟ್ಯೂಬೇ ಒಂದು ಕೆಪಾಸಿಟರು, ಚಾರ್ಜು ಹಿಡಿದಿಟ್ಟುಕೊಳ್ಳುವ ಸಾಧನ. ಬಣ್ಣದ ಟ್ಯೂಬಿನಲ್ಲಿ ಅಲ್ಲಿಗೆ ಬರುವುದು 20 ಸಾವಿರ ವೋಲ್ಟಿಗೂ ಹೆಚ್ಚು. ಕೆಲವು ಮಾನಿಟರುಗಳಲ್ಲಿ ಅದು ತಾನಾಗಿ ಇಳಿಯುತ್ತದೆ, ಕೆಲವದರಲ್ಲಿ ದಿನಗಟ್ಟಲೆ ಕೂತಿರುತ್ತದೆ.

ಅದನ್ನು ಇಳಿಸುವುದನ್ನು ಅವರು ಇನ್ನೊಂದು ಟಿವಿಯಲ್ಲಿ ಮಾಡಿ ತೋರಿಸಿದರು. ಪ್ಲಗ್ ಕಿತ್ತಿರಬೇಕು. ಒಳ್ಳೆ ಪ್ಲಾಸ್ಟಿಕ್ ಹಿಡಿಯ ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ವಯರು ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಸುತ್ತಿರುವ ಬರಿ ತಂತಿಯ ಜಡೆಗೆ ಮೊದಲೇ ಸಿಕ್ಕಿಸಿದರು. ಒಂದು ಕೈ ಬೆನ್ನ ಹಿಂದೆ. ಇನ್ನೊಂದು ಕೈಯಿಂದ ಸ್ಕ್ರೂಡ್ರೈವರನ್ನು ರಬ್ಬರಿನಡಿ ತೂರಿಸಿ ಲೋಹ ಮುಟ್ಟಿಸಿದರು, ಚಟ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಮುಟ್ಟಿಸಿದರು, ಚಾರ್ಜು ಮತ್ತೆ ಸ್ವಲ್ಪ ಕೂಡುತ್ತದಂತೆ. ಪವರ್ ಕಡೆಯ ದೊಡ್ಡ ಕೆಪಾಸಿಟರನ್ನೂ ಮುಟ್ಟುವ ಮುಂಚೆ ಮೀಟರಿಟ್ಟು ನೋಡಬೇಕು. ಇಲ್ಲಿ ಓದಿದೆ ಎಂದು ನೀವೇ ಮಾಡಲು ಹೋಗಬೇಡಿ. ಈ ಮಾನಿಟರುಗಳ ಲೈನ್ ಫ್ರೀಕ್ವೆನ್ಸಿ, ಅಂದರೆ ಪರದೆಯ ಮೇಲೆ ಗೆರೆ ಎಳೆಯುವ ವೇಗ, ಹಳೇ ಟಿವಿಯಂತೆಯೇ 15 ಕಿಲೋಹರ್ಟ್ಸ್ ಆಸುಪಾಸು, ಆದ್ದರಿಂದ ಎಲ್‌ಓಟಿ (ಟ್ಯೂಬಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಬಲ್ಲ ಹಳೇ ಮೆಕ್ಯಾನಿಕ್ಕುಗಳಿಗೆ ಇದು ಹೊಸದಲ್ಲ. ಮೊದಲ ಸಲ ಅವರನ್ನು ಕರೆದು ಪಕ್ಕದಲ್ಲಿ ನಿಂತು ನೋಡಿ. ಮಕ್ಕಳನ್ನು ಆ ಕೋಣೆಗೇ ಬಿಡಬೇಡಿ.

ಸ್ಟೆಪ್‌ಡೌನ್ ಕೊಂಡ ಮಾತ್ರಕ್ಕೆ ಪೆಟ್ಟಿಗೆಯೊಳಗಿನ, ಮಾನಿಟರನ್ನು ಲೈನಿನ ಕರೆಂಟಿನಿಂದ ಬೇರ್ಪಡಿಸಿಡುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ತೆಗೆದು ಹಾಕುವುದೂ ಬೇಡ, ಎರಡರ ಕೆಲಸ ಬೇರೆ ಬೇರೆ. ಗೇಮ್ ಬೋರ್ಡು ಸಿಕ್ಕಿಸುವ ಮುಂಚೆ 5 ವೋಲ್ಟ್ ಸರಿ ಬರುತ್ತಿದೆಯೇ ಎಂದು ಅಳೆಯಿರಿ. ಪೆಟ್ಟಿಗೆಯ ವಯರುಗಳನ್ನು ಗೇಮ್ ಬೋರ್ಡಿಗೆ ಜೋಡಿಸುವ 56 ಪಿನ್ನಿನ ಜಾಮಾ ಕನೆಕ್ಟರನ್ನು ತಿರುಗುಮುರುಗಾಗಿ ಹಾಕಿದರೂ ಬೋರ್ಡು ಸುಡಬಹುದು.

ನಮ್ಮ ಕಡಲ ಗಾಳಿಯ ಉಪದ್ರ ಬೇರೆ. ಕನೆಕ್ಟರಿನ ಹಲ್ಲುಗಳ ಮೇಲೆಲ್ಲ ಹಸಿರು ಕಿಲುಬು. ಜೂನ್ ಮಳೆಯಲ್ಲಿ ಜಗುಲಿಯ ಮೇಲೇ ಬಿಟ್ಟಿದ್ದರಿಂದ ಎರಚಲು ಬಡಿದು ಪೆಟ್ಟಿಗೆಯ ಬುಡ ನೆನೆದ ರೊಟ್ಟಿಯಂತೆ ಉಬ್ಬಿ ಪದರ ಬಿಟ್ಟಿತು. ಪಾರ್ಟಿಕಲ್ ಬೋರ್ಡಿಗೆ ನೀರು ಹೊಕ್ಕರೆ ಒಣಗಿಸಿದರೂ ಮೊದಲಿನಂತಾಗುವುದಿಲ್ಲ. ನಾಲ್ಕು ಇಟ್ಟಿಗೆ ಕೊಟ್ಟು ಒಳಕೋಣೆಯಲ್ಲಿ ಇಟ್ಟಿದ್ದರೆ ಅದಾದರೂ ಉಳಿಯುತ್ತಿತ್ತು.

ಅದೃಷ್ಟಕ್ಕೆ ಗೇಮ್ ಬೋರ್ಡು ಜೀವಂತ ಇದೆ, ಬೇರೆ ಪವರ್ ಸಪ್ಲೈ ಕೊಟ್ಟು ಪರೀಕ್ಷಿಸಿದ್ದೇವೆ. ಈಗ ಬೇಕಿರುವುದು ಟ್ಯೂಬು. ನಿಮ್ಮ ಅಟ್ಟದಲ್ಲಿ 20 ಇಂಚಿನ ಹಳೇ ಬಣ್ಣದ ಟಿವಿ ಇದ್ದರೆ ಗುಜರಿಗೆ ಹಾಕುವ ಮೊದಲು ತಿಳಿಸಿ. ಹಿಂದಿನ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ, ಮೆಕ್ಯಾನಿಕ್ಕನ್ನು ಕರೆದುಕೊಂಡು ನಾನೇ ಬರುತ್ತೇನೆ.