ಹಳೇ ಸ್ಟಿಕ್ಕರ್ ತೆಗೆಸಲು ಗಾಡಿ ಕೊಡುವ ಮುಂಚೆ ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಈ ತಲೆನೋವು ಗೊತ್ತಿರುತ್ತದೆ. ಹಿಂದಿನ ಮಾಲೀಕರು ಆಸೆಪಟ್ಟು ಅಂಟಿಸಿದ ಸ್ಟಿಕ್ಕರ್‌ಗಳೆಲ್ಲ ನಮ್ಮ ಪಾಲಿಗೆ ಬಂದಿರುತ್ತವೆ. ನನ್ನ ಕಾರಿನ ಬಾಗಿಲುಗಳ ಮೇಲೆ ಉದ್ದಕ್ಕೆ ಪಟ್ಟಿ, ಬಾನೆಟ್ ಮೇಲೊಂದು ದೊಡ್ಡ ಹದ್ದು, ಹಿಂದಿನ ಬಂಪರ್‌ನಲ್ಲಿ ಏನೋ ಬರಹ, ಹೆಡ್‌ಲೈಟ್ ಮೇಲೆ ರೆಪ್ಪೆ ಬೇರೆ! ಎಲ್ಲವೂ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದವು. ತೆಗೆಸೋಣ ಎಂದು ಒಂದು ವರ್ಕ್‌ಶಾಪ್‌ಗೆ ಕೊಟ್ಟೆ. ಪೇಂಟ್‌ಗೆ ಏನೂ ಆಗಬಾರದು ಎಂದು ಹೇಳಿಯೇ ಕೊಟ್ಟಿದ್ದೆ. "ಅರ್ಧ ಗಂಟೆ ಕೆಲಸ ಸಾರ್, ಯೋಚ್ನೆ ಮಾಡ್ಬೇಡಿ" ಎಂದರು.

ಸಂಜೆ ಹೋದಾಗ ಗಾಡಿ ತೊಳೆದು ನಿಲ್ಲಿಸಿದ್ದರು. ಮೈಯೆಲ್ಲ ಇನ್ನೂ ಒದ್ದೆ. ಒದ್ದೆ ಪೇಂಟ್ ಯಾವತ್ತೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಮಾರನೇ ದಿನ ಬಿಸಿಲಲ್ಲಿ ನೋಡಿದರೆ ಪಟ್ಟಿ ಇದ್ದ ಕಡೆಯೆಲ್ಲ ಬ್ಲೇಡ್ ಗೀಚಿದ ಸಣ್ಣ ಗೆರೆಗಳು. ಬಾನೆಟ್ ಮೇಲೆ ಹೊಳಪು ಹೋಗಿ ಮಸುಕಾದ ಜಾಗ. ಬಂಪರ್ ಅಂಚಿನ ಕಪ್ಪು ಪ್ಲಾಸ್ಟಿಕ್ ಬೆಳ್ಳಗಾಗಿತ್ತು. ಒಂದು ಹೆಡ್‌ಲೈಟ್ ಮೂಲೆಯಲ್ಲಿ ಜೇಡರ ಬಲೆಯಂಥ ಬಿರುಕು. ಹಿಂದಿನ ಬಾಗಿಲಿನಲ್ಲಂತೂ ಪೇಂಟೇ ಚಕ್ಕೆ ಎದ್ದು ಅದರ ಕೆಳಗಿನ ಪ್ರೈಮರ್ ಪದರ ಕಾಣುತ್ತಿತ್ತು.

ವಾಪಸ್ ಹೋಗಿ ಕೇಳಿದೆ. ಕೆಲಸ ಮಾಡಿದ ಹುಡುಗ ಮುಚ್ಚುಮರೆ ಇಲ್ಲದೆ ಹೇಳಿದ: "ಥಿನ್ನರ್ ಹಾಕಿ ಬ್ಲೇಡಲ್ಲಿ ತೆಗೆದ್ವಿ ಸಾರ್, ಎಲ್ರೂ ಹಂಗೇ ಮಾಡೋದು." ಮಾಲೀಕರದು ಬೇರೆ ರಾಗ. ಆ ಬಾಗಿಲಿಗೆ ಹಿಂದೆ ಯಾವಾಗಲೋ ರೀಪೇಂಟ್ ಆಗಿದೆ, ಪೇಂಟ್ ಮೊದಲೇ ವೀಕ್, ನಮ್ಮ ತಪ್ಪಲ್ಲ ಎಂದರು. ರೀಪೇಂಟ್ ಆಗಿದ್ದು ನಿಜವೇ ಇರಬಹುದು. ಹಾಗಾದರೆ ಕೈ ಹಾಕುವ ಮುಂಚೆ ನೋಡುವುದು ಯಾರ ಕೆಲಸ? ಬಾಗಿಲಿನ ರಬ್ಬರ್ ಅಂಚಿಗೆ ಪೇಂಟ್ ಹನಿ ಸಿಡಿದು ಅಂಟಿದ್ದರೆ, ಪಕ್ಕದ ಭಾಗಕ್ಕೂ ಅದಕ್ಕೂ ಬಣ್ಣ ಸ್ವಲ್ಪ ಬೇರೆ ಕಂಡರೆ ರೀಪೇಂಟ್ ಎಂದು ಪೇಂಟರ್‌ಗೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿ ಸ್ಟಿಕ್ಕರ್ ಜೊತೆ ಪೇಂಟೂ ಎದ್ದು ಬರುವ ಅಪಾಯ ಜಾಸ್ತಿ.

ಆಮೇಲೆ ಬೇರೊಬ್ಬ ಅನುಭವಿ ಪೇಂಟರ್ ಹತ್ತಿರ ತೋರಿಸಿದೆ. ಆಗಿದ್ದೇನು ಎಂದು ಅವರು ಬಿಡಿಸಿ ಹೇಳಿದರು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಇಪ್ಪತ್ತನೇ ಒಂದು ಭಾಗದಷ್ಟು. ಹೊಳಪು, ಬಿಸಿಲಿನಿಂದ ರಕ್ಷಣೆ ಎಲ್ಲ ಇದರಿಂದಲೇ. ಸ್ಟೀಲ್ ಬ್ಲೇಡ್ ಇದನ್ನು ಒಂದೇ ಎಳೆತಕ್ಕೆ ಸೀಳುತ್ತದೆ. ಪ್ರೈಮರ್‌ವರೆಗೆ ಹೋದ ಜಾಗ ಪಾಲಿಶ್‌ನಿಂದ ಸರಿಯಾಗುವುದಿಲ್ಲ, ಮತ್ತೆ ಪೇಂಟೇ ಗತಿ. ಲೋಹ ಕಂಡಿದ್ದರೆ ತುಕ್ಕು ಕೂಡ ಶುರುವಾಗುತ್ತದೆ.

ಥಿನ್ನರ್ ಕಥೆ ಇನ್ನೂ ಕೆಟ್ಟದ್ದು. ಅದಿರುವುದೇ ಪೇಂಟ್ ಕರಗಿಸಲು! ಅದರಲ್ಲಿ ಟಾಲ್ವೀನ್, ಅಸಿಟೋನ್‌ನಂಥ ದ್ರಾವಕಗಳು ಇರುತ್ತವೆ. ಕಂಪನಿಯ ಪೇಂಟ್ ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು, ರೀಪೇಂಟ್ ಮೆತ್ತಗಾಗಿ ಸುಕ್ಕಾಗುತ್ತದೆ. ಹೆಡ್‌ಲೈಟ್ ಕವರ್ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದ್ದು, ಥಿನ್ನರ್ ತಾಗಿದರೆ ಹಾಗೇ ಬಿರುಕು ಬಿಡುತ್ತದೆ. ಅದನ್ನು ಯಾವ ಪಾಲಿಶ್ ಕೂಡ ಸರಿಮಾಡುವುದಿಲ್ಲ. ನನ್ನದನ್ನು ಬದಲಾಯಿಸಲೇಬೇಕಾಯಿತು.

ಹಾಗಾಗಿ ಗಾಡಿ ಕೊಡುವಾಗ "ಹುಷಾರಾಗಿ ಮಾಡಿ" ಎಂದರೆ ಸಾಲದು. ಏನು ಹಾಕುತ್ತೀರಿ, ಯಾವುದರಿಂದ ಕೆರೆಯುತ್ತೀರಿ ಎಂದೇ ಕೇಳಿ. ಥಿನ್ನರ್, ಪೆಟ್ರೋಲ್, ಬ್ಲೇಡ್ ಎಂಬ ಮಾತು ಬಂದರೆ ಕೀ ವಾಪಸ್ ಇಸ್ಕೊಳ್ಳಿ. ಪೆಟ್ರೋಲ್ ಅಂತೂ ಬೇಡವೇ ಬೇಡ, ಪಕ್ಕದಲ್ಲಿ ಬಿಸಿ ಗಾಳಿ ಊದುವ ಹೀಟ್ ಗನ್ ಇದ್ದರೆ ಬೆಂಕಿಯೇ ಹತ್ತಬಹುದು.

ಸರಿಯಾದ ದಾರಿಗೆ ತಾಳ್ಮೆ ಬೇಕು ಅಷ್ಟೇ. ಮೊದಲು ಸೋಪಿನ ನೀರಲ್ಲಿ ಧೂಳು ಹೋಗಬೇಕು, ಇಲ್ಲದಿದ್ದರೆ ಆ ಧೂಳೇ ಗೀರುತ್ತದೆ. ನೆರಳಲ್ಲಿ ನಿಲ್ಲಿಸಿ ಹೇರ್ ಡ್ರೈಯರ್‌ನಿಂದ ಸ್ಟಿಕ್ಕರ್ ಬೆಚ್ಚಗೆ ಮಾಡಬೇಕು. ಬಿಸಿಗೆ ಗಮ್ ಮೆತ್ತಗಾಗುತ್ತದೆ. ಹೀಟ್ ಗನ್ ಬಳಸುವುದಾದರೆ ಒಂದೇ ಕಡೆ ಹಿಡಿಯುವಂತಿಲ್ಲ. ಕೆಲವು ಗನ್‌ಗಳ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪೇಂಟ್ ಗುಳ್ಳೆ ಏಳಲು ಅಷ್ಟು ಬೇಕಾಗಿಯೇ ಇಲ್ಲ. ಮೂಲೆಯನ್ನು ಉಗುರಿನಿಂದ ಅಥವಾ ಪ್ಲಾಸ್ಟಿಕ್ ಕಾರ್ಡಿನಿಂದ ಎಬ್ಬಿಸಿ, ಸ್ಟಿಕ್ಕರ್ ಅನ್ನು ಅದರ ಮೇಲೇ ಹಿಂದಕ್ಕೆ ಮಡಚಿ ನಿಧಾನ ಎಳೆಯಬೇಕು. ತುಂಬ ಹಳೆಯದಾದರೆ ಪುಡಿಪುಡಿಯಾಗಿ ಬರುತ್ತದೆ. ಸ್ಟಿಕ್ಕರ್‌ನ ಪ್ಲಾಸ್ಟಿಕ್ ಆದ ವಿನೈಲ್ ಅನ್ನು ಮೆತ್ತಗಿಡುವ ಅಂಶ ವರ್ಷ ಕಳೆದಂತೆ ಹೋಗಿಬಿಟ್ಟಿರುತ್ತದೆ. ಬೇಸರ ಬರುವುದೇ ಇಲ್ಲಿ, ಬ್ಲೇಡ್ ಕೈಗೆ ಬರುವುದೂ ಇಲ್ಲಿಯೇ.

ಉಳಿದ ಗಮ್‌ಗೆ ಕಾರ್ ಪೇಂಟ್‌ಗೆಂದೇ ಮಾಡಿದ ಗಮ್ ರಿಮೂವರ್ ಸಿಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಕೂಡ ಆಗುತ್ತದೆ. ಯಾವುದೇ ಇರಲಿ, ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಬೇಕು. ಬಟ್ಟೆಗೆ ಹಾಕಿ ಸ್ವಲ್ಪ ಹೊತ್ತು ಗಮ್ ಮೇಲೆ ಇಟ್ಟರೆ ಅದೇ ಸಡಿಲವಾಗುತ್ತದೆ, ತಿಕ್ಕಿ ಯುದ್ಧ ಮಾಡುವ ಅಗತ್ಯ ಇಲ್ಲ. ಕೊನೆಗೆ ಸೋಪಿನ ನೀರಲ್ಲಿ ಪೂರ್ತಿ ತೊಳೆಯಬೇಕು. ಸ್ಟಿಕ್ಕರ್ ಉಜ್ಜಿ ತೆಗೆಯಲು ಡ್ರಿಲ್‌ಗೆ ಹಾಕುವ ರಬ್ಬರ್ ಚಕ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಪೇಂಟ್ ಸುಡುತ್ತದೆ. ರೀಪೇಂಟ್ ಆದ ಕಡೆ ಅದನ್ನು ಮುಟ್ಟಿಸಲೇಬೇಡಿ.

ಇನ್ನೊಂದು ವಿಷಯ. ಎಲ್ಲ ಸರಿಯಾಗಿ ಮಾಡಿದರೂ ಸ್ಟಿಕ್ಕರ್ ಇದ್ದ ಆಕಾರ ಕಾಣಬಹುದು. ಅದರ ಕೆಳಗಿನ ಪೇಂಟ್‌ಗೆ ಬಿಸಿಲು ತಾಗಿಲ್ಲ, ಸುತ್ತಲಿನದು ಮಾಸಿದೆ. ಹದವಾದ ಪಾಲಿಶ್‌ನಿಂದ ಇದು ಕಮ್ಮಿಯಾಗುತ್ತದೆ, ಎಲ್ಲ ಸಲ ಪೂರ್ತಿ ಹೋಗುವುದಿಲ್ಲ. "ಮಷಿನ್ ಹಾಕಿ ಮಾಯ ಮಾಡ್ತೀನಿ" ಎನ್ನುವವರು ಉಜ್ಜಿ ತೆಗೆಯುವುದು ಅದೇ ತೆಳ್ಳನೆ ಕ್ಲಿಯರ್ ಕೋಟ್ ಅನ್ನು. ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟು ಎಷ್ಟು ಮೈಕ್ರಾನ್ ಇದೆ ಎಂದು ತೋರಿಸಲಿ, ಆಮೇಲೆ ಮಷಿನ್ ಮುಟ್ಟಲಿ.