ಫ್ಲೈ ಫಿಶಿಂಗ್ ಗೈಡ್‌ ಕೆಲಸಕ್ಕೆ ತುಂಗಭದ್ರೆಯ ಹರಿಗೋಲು: ಏನು ಒಗ್ಗುತ್ತದೆ, ಏನನ್ನು ಬದಲಿಸಬೇಕು

ವರ್ಷಗಟ್ಟಲೆ ಗಾಳ ಹಾಕಿದವರು, ಅದರಲ್ಲೂ ಗರಿ, ನೂಲು ಸುತ್ತಿದ ಹಗುರ ಕೊಕ್ಕೆಯನ್ನು (ಫ್ಲೈ) ದಾರದ ಭಾರದಿಂದಲೇ ಬೀಸುವ ಫ್ಲೈ ರಾಡ್‌ನ ರುಚಿ ಹತ್ತಿದವರು, ಗಿರಾಕಿಗಳನ್ನು ಮೀನು ಹಿಡಿಸಲು ಕರೆದೊಯ್ಯುವ ಗೈಡ್ ಕೆಲಸವನ್ನೇ ಉದ್ಯೋಗ ಮಾಡಿಕೊಂಡರೆ ಹೇಗೆ ಎಂದು ಯೋಚಿಸುತ್ತಾರೆ. ಮೊದಲು ಎದುರಾಗುವುದು ದೋಣಿಯ ಪ್ರಶ್ನೆ. ದಂಡೆಯಲ್ಲಿ ಜಾಲಿ ಮುಳ್ಳಿನ ಗಿಡಗಳು ಒತ್ತಾಗಿವೆ, ಹಿಂದಕ್ಕೆ ದಾರ ಬೀಸಲು ಜಾಗವಿಲ್ಲ. ಹೀಗಾಗಿ ನೀರಿಗಿಳಿಯಲೇಬೇಕು. ಕೊಪ್ಪಳ ಜಿಲ್ಲೆಯಲ್ಲಿ ಕೈಗೆ ಸುಲಭವಾಗಿ ಸಿಗುವುದು ಹರಿಗೋಲು. ಸಣಾಪುರ, ಆನೆಗೊಂದಿ ಕಡೆ ಪ್ರವಾಸಿಗರನ್ನು ಸುತ್ತಾಡಿಸುವ ಅದೇ ದುಂಡನೆಯ ದೋಣಿ. ಬಾಯಿ 7 ಅಡಿ, ತಳ 6 ಅಡಿ ಇರುವ, ಬಿದಿರಿನ ಸೀಳು ಹೆಣೆದು ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ಹರಿಗೋಲನ್ನು ಗೈಡ್‌ನ ಕಣ್ಣಿನಿಂದ ನೋಡಿ ಬರೆದ ವಿಮರ್ಶೆ ಇದು.

ತೀರ್ಪು ಮೊದಲೇ ಹೇಳಿಬಿಡೋಣ. ನಿಂತ ನೀರಿನಲ್ಲಿ ಒಬ್ಬ ಗಿರಾಕಿ, ಒಬ್ಬ ಗೈಡ್, ಒಬ್ಬ ಅಂಬಿಗ, ಈ ಮೂವರಿಗೆ ಹರಿಗೋಲು ಬಹಳ ಒಳ್ಳೆಯ ದೋಣಿ. ಇಬ್ಬರು ಗಿರಾಕಿಗಳು ಏಕಕಾಲಕ್ಕೆ ಬೀಸುವುದಕ್ಕೆ ಆಗದು. ಹರಿಯುವ ಹೊಳೆಗಂತೂ ಬೇಡವೇ ಬೇಡ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಈ ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಕೂರಬಹುದು, ಹುಟ್ಟು ಹಾಕುವಾಗ ಸುತ್ತುತ್ತಲೇ ಇರುತ್ತವೆ ಎಂದು. ತೊಗಲು ಹೋಗಿ ಪ್ಲಾಸ್ಟಿಕ್ ಬಂತು, ಸುತ್ತುವುದು ಮಾತ್ರ ಹಾಗೇ ಇದೆ. ಫ್ಲೈ ಗೈಡ್‌ಗೆ ಇದರ ಲಾಭವೆಲ್ಲ ಆ ಸುತ್ತಿನಲ್ಲಿದೆ, ತೊಂದರೆಯೂ ಅಲ್ಲೇ ಇದೆ.

ಲಾಭ ಹೀಗೆ. ಉದ್ದನೆಯ ದೋಣಿಯಲ್ಲಿ ಮೀನು ಬಲಕ್ಕೆ ಕಾಣಿಸಿದರೆ ದೋಣಿಯ ಮೂತಿ ತಿರುಗಿಸಲು ದೊಡ್ಡ ಸುತ್ತು ಹೊಡೆಯಬೇಕು, ಅಷ್ಟರಲ್ಲಿ ಮೀನು ಇರುವುದಿಲ್ಲ. ಹರಿಗೋಲು ನಿಂತಲ್ಲೇ ತಿರುಗುತ್ತದೆ. ಅಂಬಿಗ ಹುಟ್ಟನ್ನು ಒಂದು ಸಲ ಎಳೆದರೆ ಸಾಕು, ಗಿರಾಕಿಯ ಎದೆ ಮೀನಿನ ಕಡೆಗಾಗುತ್ತದೆ. ಎರಡನೆಯದು, ನೀರಿನಲ್ಲಿ ಇಳಿಯುವ ಆಳ. 6 ಅಡಿ ತಳ ಎಂದರೆ ಸುಮಾರು 28 ಚದರ ಅಡಿ. ಪ್ರತಿ 26 ಕೆ.ಜಿ. ಭಾರಕ್ಕೆ ಅದು 1 ಸೆಂ.ಮೀ. ಇಳಿಯುತ್ತದೆ. ತಲಾ 70 ಕೆ.ಜಿ.ಯ ಮೂವರು ಕೂತರೆ 8 ಸೆಂ.ಮೀ., ಅದರ ಮೇಲೆ ದೋಣಿಯದೇ ತೂಕದಿಂದ ಇನ್ನು ಸ್ವಲ್ಪ. ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ, ಜೊಂಡಿನ ಅಂಚಿನಲ್ಲಿ, ತಾವರೆ ಎಲೆಗಳ ಮೇಲೆಯೇ ಸಾಗಬಹುದು. ಕೊರವ ಮೀನು (ಮುರ್ರೆಲ್) ಇರುವುದು ಅಲ್ಲೇ. ಬಿದಿರಿನ ತಳ ತಗಡಿನಂತೆ ಸದ್ದನ್ನೂ ಮಾಡುವುದಿಲ್ಲ.

ಇನ್ನು ತೊಂದರೆ. ಸಾಮಾನ್ಯ ಗಾಳದಲ್ಲಿ ತುದಿಯ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈನಲ್ಲಿ ಗರಿ, ನೂಲು ಸುತ್ತಿದ ಕೊಕ್ಕೆಗೆ ಭಾರವೇ ಇಲ್ಲ, ಭಾರವೆಲ್ಲ ದಾರದಲ್ಲಿ. 8 ನಂಬರ್ ದಾರದ (ನಂಬರ್ ಹೆಚ್ಚಿದಷ್ಟೂ ದಾರದ ಭಾರ ಹೆಚ್ಚು) ಮೊದಲ 30 ಅಡಿ ಸುಮಾರು 13.6 ಗ್ರಾಂ ತೂಗುತ್ತದೆ. ಅಷ್ಟನ್ನೂ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಗಾಳಿಯಲ್ಲಿ ಚಾಚಿ, ತಟ್ಟನೆ ನಿಲ್ಲಿಸಬೇಕು. ಹೊಸಬರು ತೋಳಿನ ಜೊತೆ ಮೈಯನ್ನೂ ತೂಗುತ್ತಾರೆ. ಹರಿಗೋಲಿಗೆ ತಳದಲ್ಲಿ ದೋಣಿಯನ್ನು ನೆಟ್ಟಗೆ ಹಿಡಿಯುವ ಅಡಿಗಟ್ಟು (ಕೀಲ್) ಇಲ್ಲ, ಹಾಗಾಗಿ ಆ ತೂಗಾಟ ಹಾಗೇ ದೋಣಿಗೆ ಇಳಿಯುತ್ತದೆ. ನಾಲ್ಕು ಸಲ ಬೀಸುವಷ್ಟರಲ್ಲಿ ದೋಣಿ ಕಾಲು ಸುತ್ತು ತಿರುಗಿ, ಗುರಿ ಹಿಡಿದ ಜಾಗ ಪಕ್ಕಕ್ಕೆ ಸರಿದಿರುತ್ತದೆ. ಇದಕ್ಕೆ ಮದ್ದು ಎರಡು. ಗಿರಾಕಿಗೆ ಎರಡೇ ಬೀಸಿನಲ್ಲಿ ದಾರ ಬಿಡುವುದನ್ನು ದಂಡೆಯಲ್ಲೇ, ನೆಲದ ಮೇಲೆ ಕೂರಿಸಿ ಅರ್ಧ ಗಂಟೆ ಕಲಿಸುವುದು ಒಂದು. ಕೂತು 40 ಅಡಿ ಬೀಸಲು ಬಂದರೆ ಸಾಕು, ಅದಕ್ಕಿಂತ ದೂರ ಹರಿಗೋಲಿನಲ್ಲಿ ಬೇಕಾಗುವುದೇ ಇಲ್ಲ. ಇನ್ನೊಂದು ಮದ್ದು, ಬೀಸುವ ಹೊತ್ತಿನಲ್ಲಿ ಹುಟ್ಟನ್ನು ನೀರಿನಲ್ಲಿ ನೆಟ್ಟಗೆ ಅದ್ದಿ ಹಿಡಿಯುವ ಅಂಬಿಗ.

ಅಂಬಿಗನ ಬಗ್ಗೆ ನಿಂತು ಹೇಳಬೇಕು, ಯಾಕೆಂದರೆ ಗೈಡ್ ಆಗಹೊರಟವರು ಎಡವುವುದು ಇಲ್ಲೇ. ರಾಡ್‌ಗೆ, ರೀಲ್‌ಗೆ, ದಾರಕ್ಕೆ ದುಡ್ಡು ಸುರಿದು, ಹುಟ್ಟು ತಾವೇ ಹಾಕುತ್ತೇವೆ ಎಂದು ಹೊರಡುತ್ತಾರೆ. ಹರಿಗೋಲು ನಡೆಸುವವರು ಹೋಗುವ ದಿಕ್ಕಿನ ಅಂಚಿನಲ್ಲಿ ಕೂತು ನೀರನ್ನು ತಮ್ಮತ್ತ ಎಳೆಯುತ್ತಾರೆ. ಎರಡೂ ಕೈ ಅದಕ್ಕೇ ಬೇಕು. ಗಿರಾಕಿಯ ದಾರ ಬಿಡಿಸುವುದು, ಮೀನು ತೋರಿಸುವುದು, ಬಲೆಚೀಲ ಹಿಡಿಯುವುದು ಅದೇ ಕೈಗಳಿಂದ ಆಗುವುದಿಲ್ಲ. ಗಾಳಿ ಎದ್ದರೆ ಎಲ್ಲಿ ಮರೆ, ನೀರೊಳಗಿನ ಬಂಡೆ ಎಲ್ಲಿ, ಮೊಸಳೆ ಬಿಸಿಲು ಕಾಯುವ ಜಾಗ ಯಾವುದು ಎಂಬುದು ಅಂಬಿಗರಿಗೆ ಗೊತ್ತು. ಅವರನ್ನು ಗಂಟೆ ಲೆಕ್ಕದ ಬಾಡಿಗೆಗೆ ಹಿಡಿಯಬೇಡಿ. ಗಂಟೆಯ ಲೆಕ್ಕದಲ್ಲಿ ಬಂದವರು ಸುತ್ತು ಮುಗಿಸುವ ಅವಸರದಲ್ಲಿರುತ್ತಾರೆ. ಅರ್ಧ ದಿನದ ಕೂಲಿ ಮೊದಲೇ ಮಾತಾಡಿ, ಗಿರಾಕಿ ಬರಲಿ ಬಿಡಲಿ, ಎರಡು ಬೆಳಗ್ಗೆ ಬರೀ ಅಭ್ಯಾಸಕ್ಕೆ ಕರೆದು ಆ ಕೂಲಿಯನ್ನೂ ಕೊಡಿ. ‘ಅಣ್ಣಾ, ನಿಂದರಸ್ರಿ’, ‘ಸ್ವಲ್ಪ ಎಡಕ್ಕ ತರ್ರಿ’, ‘ಈಗ ತಿರುಗಸಬ್ಯಾಡ್ರಿ’, ಈ ಮೂರು ಮಾತಿಗೆ ದೋಣಿ ತಕ್ಷಣ ಸ್ಪಂದಿಸುವಂತಾದರೆ ಅರ್ಧ ಗೈಡಿಂಗ್ ಮುಗಿದಂತೆ.

ಕೂರುವ ಜಾಗದಲ್ಲಿ ತಪ್ಪಿದರೆ ಕೊಕ್ಕೆ ಯಾರದೋ ಕಿವಿಗೆ ಬೀಳುತ್ತದೆ. ಗಿರಾಕಿ ಬಲಗೈಯವರಾದರೆ ಅಂಬಿಗ ಅವರ ಎಡಕ್ಕೆ, ಗೈಡ್ ಎಡ ಬೆನ್ನಿನ ಕಡೆಗೆ. ಬಲಭಾಗ, ಬಲ ಹಿಂಭಾಗದಲ್ಲಿ ಯಾರೂ ಇರಬಾರದು. ಎಡಗೈಯವರಿಗೆ ಇದು ತಿರುವುಮುರುವು. ಹೀಗೆ ಕೂತರೆ ಭಾರವೆಲ್ಲ ಒಂದೇ ಬದಿಗೆ ವಾಲುತ್ತದೆ. ಅದಕ್ಕೆ ಗಿರಾಕಿಯನ್ನು ನಡುಮಧ್ಯಕ್ಕಿಂತ ಒಂದು ಗೇಣು ಬಲಕ್ಕೆ ಕೂರಿಸಿ, ಸಾಮಾನಿನ ಚೀಲ, ನೀರಿನ ಕ್ಯಾನ್ ಬಲ ಅಂಚಿಗಿಡಿ. ಕೂರಲು ಅಡ್ಡ ಹಲಗೆ ಬೇಕು, ಎತ್ತರ 20 ಸೆಂ.ಮೀ. ದಾಟಬಾರದು. ಎತ್ತರ ಕೂತಷ್ಟೂ ಬೀಸುವುದು ಸುಲಭ ಎಂದು ಪ್ಲಾಸ್ಟಿಕ್ ಕುರ್ಚಿ ಹಾಕುವವರಿದ್ದಾರೆ, ಅದು ನೇರ ಅಪಾಯ. ನಿಂತು ಬೀಸಲು ಯಾವ ಗಿರಾಕಿಗೂ ಬಿಡಬಾರದು, ಎಷ್ಟು ಪಳಗಿದವರಾದರೂ ಸರಿ.

ದೋಣಿಯ ಒಳಭಾಗ ಫ್ಲೈ ದಾರಕ್ಕೆ ಶತ್ರು. ಬಿದಿರಿನ ಸೀಳುಗಳ ತುದಿ, ಕಟ್ಟಿದ ತಂತಿಯ ಕೊನೆ, ಹೆಣಿಗೆಯ ಸಂದು, ಕೆಳಗೆ ಬಿದ್ದ ದಾರ ಇವಕ್ಕೆಲ್ಲ ಸಿಕ್ಕುತ್ತದೆ. ಸರಿಯಾಗಿ ಮೀನು ಕಚ್ಚಿ ಓಡುವಾಗಲೇ ಸಿಕ್ಕುತ್ತದೆ. ತಳಕ್ಕೆ ದಪ್ಪ ತಾಡಪಾಲು ಹಾಸಿ, ಅಂಚಿನ ಸುತ್ತ ಹಳೆಯ ಸೈಕಲ್ ಟ್ಯೂಬ್ ಸೀಳಿ ಹೊದಿಸಿ ಕಟ್ಟಿದರೆ ಮುಕ್ಕಾಲು ಭಾಗ ನಿವಾರಣೆ. ಗಿರಾಕಿಯ ಮೊಣಕಾಲ ನಡುವೆ 15 ಲೀಟರಿನ ಬಕೆಟ್ ಇಟ್ಟು, ಎಳೆದ ದಾರವನ್ನು ಅದರೊಳಗೇ ಬಿಡಲು ಹೇಳಿದರೆ ಉಳಿದದ್ದೂ ಹೋಯಿತು. ಲೈಫ್ ಜಾಕೆಟ್‌ನ ಸಡಿಲ ಪಟ್ಟಿಗಳನ್ನು ಒಳಗೆ ಸಿಕ್ಕಿಸಿ. ಜಾಕೆಟ್ ಇಲ್ಲದೆ ಯಾರೂ ಹತ್ತುವಂತಿಲ್ಲ, ಈಜು ಬರುವ ಅಂಬಿಗನೂ.

ಡಾಂಬರಿನ ಕಾಟ ಬಿಸಿಲು ಏರಿದ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಕರಿ ಲೇಪ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಬೆರಳಿನಿಂದ ಅದು ದಾರಕ್ಕೆ ಹೋಗುತ್ತದೆ. ಡಾಂಬರು ಹತ್ತಿದ ದಾರ ರಾಡ್‌ನ ಉಂಗುರಗಳಲ್ಲಿ ಜಾರುವುದಿಲ್ಲ. ಕೈಗೆ ಹತ್ತಿದ್ದನ್ನು ಕೊಬ್ಬರಿ ಎಣ್ಣೆ ಉಜ್ಜಿ, ಸೋಪಿನಿಂದ ತೊಳೆದು ಆಮೇಲೆ ದಾರ ಮುಟ್ಟಬೇಕು. ದಾರವನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಬಟ್ಟೆಯಿಂದ ಒರೆಸಬೇಕು. ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸಿದರೆ ದಾರದ ಮೇಲಿನ ಪಿವಿಸಿ ಲೇಪವೇ ಹಾಳು. ಸೊಳ್ಳೆ ಕಚ್ಚದಂತೆ ಹಚ್ಚುವ ಮುಲಾಮಿನಲ್ಲಿರುವ ಡೀಟ್ ಕೂಡ ಅದೇ ಕೆಲಸ ಮಾಡುತ್ತದೆ. ಹೊಸ ಲೇಪದ ದೋಣಿಯನ್ನು ತಕ್ಷಣ ಗಿರಾಕಿಗೆ ಬಳಸಬೇಡಿ, ಬೆರಳಿಟ್ಟರೆ ಅಂಟದಷ್ಟು ಗಟ್ಟಿಯಾಗಲಿ. ಫೈಬರ್‌ನದಾದರೆ ಈ ಕಷ್ಟವಿಲ್ಲ, ಒಳಗೂ ನುಣುಪು. ಆದರೆ ಭಾರ ಹೆಚ್ಚು, ಹುಟ್ಟು ತಾಗಿದರೆ ಡೋಲಿನಂತೆ ಸದ್ದು. ಕೊರವ ಹುಡುಕುವವರಿಗೆ ನಾವು ಬಿದಿರಿನದನ್ನೇ ಹೇಳುತ್ತೇವೆ.

ಗಾಳಿಗೆ ಹರಿಗೋಲು ಎಲೆಯಂತೆ ತೇಲಿಹೋಗುತ್ತದೆ. ಗೋಣಿಚೀಲಕ್ಕೆ ಎರಡು ಕಲ್ಲು ಹಾಕಿ ಬಾಯಿ ಕಟ್ಟಿ 15 ಅಡಿ ಹಗ್ಗದಲ್ಲಿ ಹಿಂದೆ ಬಿಟ್ಟರೆ ಓಟ ನಿಧಾನವಾಗುತ್ತದೆ. ಒಂದೇ ಜಾಗದಲ್ಲಿ ನಿಲ್ಲಬೇಕಾದರೆ ಎದುರುಬದುರು ಎರಡು ಕಲ್ಲಿನ ಲಂಗರು ಬೇಕು. ಒಂದೇ ಲಂಗರಾದರೆ ಅದರ ಸುತ್ತ ಗಿರಗಿಟ್ಟಲೆ. ಗಂಟು, ತುದಿ ಎಳೆದರೆ ಬಿಚ್ಚುವ ಜಾರುಗಂಟೇ ಆಗಿರಬೇಕು. ಹರಿವಿನಲ್ಲಿ ಲಂಗರು ಹಾಕುವ ಯೋಚನೆಯೇ ಬೇಡ. ಹಗ್ಗ ಬಿಗಿದ ಅಂಚು ಕೆಳಗಿಳಿದು ನೀರು ಒಳನುಗ್ಗುತ್ತದೆ, ದುಂಡು ದೋಣಿಗೆ ಅದನ್ನು ತಡೆಯುವ ಎತ್ತರದ ಮೂತಿ ಇಲ್ಲ.

ಈ ದೋಣಿ ಹೆಚ್ಚು ಸಿಗುವ ಜಾಗವೇ ಗಾಳ ಹಾಕಬಾರದ ಜಾಗ, ಇದನ್ನು ಹೊಸಬರು ಗಮನಿಸುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ಆನೆಗೊಂದಿಯ ಹೊಳೆ ಅದರೊಳಗೇ ಬರುತ್ತದೆ. ಸಿಡಿಮದ್ದು, ಬಲೆಗಳ ಕಾಟದಿಂದ ನೀರುನಾಯಿಗಳನ್ನು ಉಳಿಸಲೆಂದೇ ಆದ ಮೀಸಲು ಅದು. ಹಿಡಿದು ಬಿಡುತ್ತೇವೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಅಲ್ಲದೆ ತುಂಗಭದ್ರಾ ಅಣೆಕಟ್ಟಿನ ಕೆಳಗಿನ ನೀರು ಗೈಡ್‌ನ ಕೈಯಲ್ಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಗಿದ್ದು ಎಲ್ಲರಿಗೂ ನೆನಪಿದೆ.

ಹಾಗಾದರೆ ಎಲ್ಲಿ? ಊರ ಕೆರೆಗಳಲ್ಲಿ. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಇರುತ್ತದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಯಾರ ಹೆಸರಿಗಿದೆ ಎಂದು ಕೇಳಿ, ಅವರ ಜೊತೆ ಕೂತು, ದಿನಕ್ಕೆ ಎಷ್ಟು ರಾಡ್, ರಾಡ್‌ಗೆ ಎಷ್ಟು ಹಣ, ಹಿಡಿದ ಮೀನು ಬಿಡುವುದೋ ಅವರಿಗೆ ಒಪ್ಪಿಸುವುದೋ ಎಂಬುದನ್ನು ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಗಿರಾಕಿಯ ಎದುರಿಗೇ ಜಗಳವಾಗುತ್ತದೆ. ದೋಣಿ ಟಾಟಾ ಏಸ್‌ನಲ್ಲಿ ಅಂಚಿನ ಮೇಲೆ ನಿಂತು ಹೋಗುತ್ತದೆ. ಹಗ್ಗವನ್ನು ಜಗ್ಗಿ ಬಿಗಿದರೆ ಬಿದಿರು ಸೀಳುತ್ತದೆ, ಹಗ್ಗದ ಕೆಳಗೆ ಗೋಣಿ ಮಡಚಿಡಿ.

ಸಲಕರಣೆ ಚುಟುಕಾಗಿ. 9 ಅಡಿಯ, ನಾಲ್ಕು ತುಂಡಿನ 8 ನಂಬರ್ ರಾಡ್, ತೇಲುವ ದಾರ. ಕೊರವಕ್ಕೆ ಹಲ್ಲಿದೆ, ತುದಿಯ ನೈಲಾನ್ 0.40 ಮಿ.ಮೀ.ಗಿಂತ ತೆಳು ಬೇಡ, ಮೇಲ್ಮೈಯಲ್ಲಿ ಗುಳುಗುಳು ಎನ್ನುವ ಪಾಪರ್ ಎಂಬ ತೇಲುವ ಫ್ಲೈ ಅಥವಾ ಕೂದಲಿನಿಂದ ಮಾಡಿದ ಕಪ್ಪೆಯಾಕಾರದ ಫ್ಲೈ ಸಾಕು. ಜಿಲೇಬಿ ಮೀನಿಗೆ (ತಿಲಾಪಿಯಾ) 5 ನಂಬರ್ ರಾಡ್, ಚಿಕ್ಕ ಫ್ಲೈ. ಹೊಸ ಗಿರಾಕಿಗೆ ಬೆಳಗಿನ ಮೊದಲ ಗಂಟೆ ಜಿಲೇಬಿಯ ಹಿಂದೆಯೇ ಹೋಗಲಿ, ಕೈ ಪಳಗುತ್ತದೆ, ಮನಸ್ಸೂ ನಿಲ್ಲುತ್ತದೆ. ಮಳೆಗಾಲದಲ್ಲಿ ಕೊರವದ ಕೆಂಪನೆಯ ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ಅವು ಏನು ಹಾಕಿದರೂ ಕಚ್ಚುತ್ತವೆ, ಅದಕ್ಕೇ ಹಾಕಬಾರದು. ಕಾವಲು ತಪ್ಪಿದ ಮರಿಗಳನ್ನು ಬೇರೆ ಮೀನುಗಳು ನಿಮಿಷಗಳಲ್ಲಿ ಮುಗಿಸುತ್ತವೆ.

ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಯೇ ದೋಣಿ ಹತ್ತಿ. ಮೂವರಿಗೂ ಕನ್ನಡಕ ಕಡ್ಡಾಯ. ಇಷ್ಟಾಗಿಯೂ ಕೊಕ್ಕೆ ತೋಳಿಗೋ ಬೆನ್ನಿಗೋ ಹೊಕ್ಕರೆ ಮೊದಲು ಫ್ಲೈಯನ್ನು ದಾರದಿಂದ ಕತ್ತರಿಸಿ. ಗಟ್ಟಿ ನೈಲಾನನ್ನು ಕೊಕ್ಕೆಯ ಬಾಗಿನಲ್ಲಿ ಕುಣಿಕೆ ಹಾಕಿ, ಕೊಕ್ಕೆಯ ಕಣ್ಣನ್ನು ಬೆರಳಿನಿಂದ ಚರ್ಮಕ್ಕೆ ಒತ್ತಿ ಹಿಡಿದು, ಚರ್ಮಕ್ಕೆ ಸಮನಾಗಿ ಹಿಂದಕ್ಕೆ ಒಂದೇ ಸಲ ಜಗ್ಗಬೇಕು. ನಿಧಾನ ಎಳೆದರೆ ಇನ್ನಷ್ಟು ನೋವು. ತೊಳೆದು ಪಟ್ಟಿ ಕಟ್ಟಿ, ಧನುರ್ವಾಯು ಚುಚ್ಚುಮದ್ದಿಗೆ ಆಸ್ಪತ್ರೆಗೆ ಕಳಿಸಿ. ಕಣ್ಣು, ಕುತ್ತಿಗೆಯ ಹತ್ತಿರವಾದರೆ ಮುಟ್ಟಲೇಬೇಡಿ, ಹಾಗೇ ದಂಡೆಗೆ ಸೇರಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊಳ್ಳುವ ಮುನ್ನ ದೋಣಿಯನ್ನು ನೀರಿಗಿಳಿಸಿ ಮೂವರು ಕೂತು ಅರ್ಧ ಗಂಟೆ ಬಿಡಿ. ತಾಡಪಾಲು ಎತ್ತಿ ನೋಡಿದಾಗ ಒಂದು ಲೋಟಕ್ಕಿಂತ ಹೆಚ್ಚು ನೀರು ನಿಂತಿದ್ದರೆ ಸೋರುವ ಜಾಗ ಗುರುತಿಸಿ ತೇಪೆ ಹಾಕಿಸಿಕೊಂಡ ಮೇಲೆಯೇ ದುಡ್ಡು ಕೊಡಿ. ತಳದ ಬಿದಿರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪುಡಿ ಉದುರಿದರೆ ಹುಳು ಬಿದ್ದಿದೆ, ಆ ದೋಣಿ ಬೇಡ. ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಗ್ಗೆ ಆರೂವರೆಯಿಂದ ಹತ್ತರವರೆಗೆ ಕೆರೆಯ ನೀರು ಕನ್ನಡಿಯಂತಿರುತ್ತದೆ. ಮೊದಲ ವರ್ಷದ ಗಿರಾಕಿಗಳನ್ನು ಆ ಹೊತ್ತಿಗೆ ಮಾತ್ರ ಒಪ್ಪಿಕೊಳ್ಳಿ.